ಚೌಡಮ್ಮನ ಸೌದೆ ಮಂಡಿ, ಹುಣಸೆಮರದ ಮೊಳೆ

ಚೌಡಮ್ಮ ಗಿರಾಕಿಗಳ ಹತ್ರ ಮಾತಾಡೋವಾಗ ಅವರ ಮುಖ ನೋಡ್ತಿರ್ಲಿಲ್ಲ. ಬಂಗಾರಪೇಟೆ ಸ್ಟೇಷನ್ ಹಿಂದುಗಡೆ ಅವರ ಸೌದೆ ಮಂಡಿ. ತಗಡಿನ ಶೆಡ್ಡು, ಒಳಗೆ ಒಂದು ಆಯಿಲ್ ಎಂಜಿನ್ನು, ಅದರಿಂದ ಹೊರಟ ಉದ್ದನೇ ಬೆಲ್ಟು, ಬೆಲ್ಟಿನ ಆ ತುದೀಲಿ ಮೇಜು ಸೀಳ್ಕೊಂಡು ತಿರುಗೋ ಚಕ್ರಗರಗಸ. ಗರಗಸ ತಿರುಗ್ತಾ ಇದ್ದಷ್ಟು ಹೊತ್ತೂ ಚೌಡಮ್ಮ ಅದರ ಕಡೆಗೇ ಮುಖ ಮಾಡ್ಕೊಂಡು ನಿಂತಿರೋರು. ಹಿಂದಿನಿಂದ ಯಾರಾದ್ರೂ "ಎರಡು ಹೊರೆ ಕೊಡಮ್ಮಾ" ಅಂದ್ರೆ ಉತ್ತರ ಬೆನ್ನಿನ ಕಡೆಯಿಂದಾನೇ ಬರ್ತಿತ್ತು. ಊರಲ್ಲಿ ಎಷ್ಟೋ ಜನಕ್ಕೆ ಅವರ ತುರುಬು ಗೊತ್ತಿತ್ತು, ಮುಖ ಗೊತ್ತಿರ್ಲಿಲ್ಲ.

ಒಂದ್ಸಲ ಯಾವ್ದೋ ಹೋಟೆಲಿನ ಭಟ್ರು ಬೇಜಾರು ಮಾಡ್ಕೊಂಡು, "ಮನುಷ್ಯರ ಜೊತೆ ಮಾತಾಡೋವಾಗ ಮುಖ ನೋಡ್ಬೇಕಮ್ಮ" ಅಂದ್ರು.

"ಸಾಮಿ, ನಿಮ್ಗೆ ಅಲ್ಲು ಬಾಯಾಗ್ ಮಾತ್ರ ಐತೆ. ಇದಕ್ಕೆ ಸುತ್ತಾ ಐತೆ. ಯಾವ್ದುನ್ನ ನೋಡ್ಲಿ, ನೀವೇ ಏಳಿ."

ಭಟ್ರು ಸೌದೆ ತಗೊಂಡು ಹೋದ್ರು.

ನನ್ನದು ಪಕ್ಕದಲ್ಲೇ ಸೈಕಲ್ ಶಾಪು. ನಂಗೆ ಎಂಜಿನ್ ಅಂದ್ರೆ ಹುಚ್ಚು. ಯಾರೂ ಕಲಿಸಿದ್ದಲ್ಲ. ಬಿಚ್ಚೋದು, ಜೋಡಿಸೋದು, ಮಿಕ್ಕಿದ ಬೋಲ್ಟನ್ನ ಜೇಬಲ್ಲಿಟ್ಕೊಂಡು ಎರಡು ದಿನ ಯೋಚನೆ ಮಾಡೋದು, ಅಷ್ಟೇ ನನ್ನ ವಿದ್ಯೆ. ಚೌಡಮ್ಮ ಒಂದಿನ ಬೇಲಿ ಆಚೆಯಿಂದ, "ಏಯ್ ಸೈಕಲ್ಲು, ಈ ಎಂಜಿನ್ನು ನೋಡ್ಕೋತೀಯೇನ್ಲಾ?" ಅಂತ ಕೇಳಿದ್ರು. ಅಂಗಡಿ ಬಾಗಿಲು ಹಾಕೋದನ್ನೂ ಮರೆತು ಹೋದೆ. ಆವತ್ತಿಂದ ಬೆಳಿಗ್ಗೆ ಮಂಡಿ, ಮಧ್ಯಾಹ್ನದ ಮೇಲೆ ಸೈಕಲ್ಲು.

ಆ ಎಂಜಿನ್ನಿಗೆ ತಲೆ ಮೇಲೆ ನೀರಿನ ತೊಟ್ಟಿ. ಎಂಜಿನ್ ಕಾಯ್ತಾ ಕಾಯ್ತಾ ನೀರು ಕುದಿಯೋದು. ಚೌಡಮ್ಮ ಬಟ್ಟೇಲಿ ಕಳ್ಳೆಕಾಯಿ ಕಟ್ಟಿ ಅದರಲ್ಲಿ ಇಳಿಬಿಡೋರು. ಮಧ್ಯಾಹ್ನಕ್ಕೆ ಹದವಾಗಿ ಬೆಂದಿದ್ರೆ ಎಂಜಿನ್ ಸರಿ ಇದೆ ಅಂತ. ಕರಗಿ ಹಿಟ್ಟಾಗಿದ್ರೆ ಎಲ್ಲೋ ಬಿಗಿ ಹಿಡಿದಿದೆ, ಎಣ್ಣೆ ನೋಡು ಅಂತ. ನಾನು ಉತ್ಸಾಹದಲ್ಲಿ ಕೆಜಿಎಫ್ ಗುಜರೀಲಿ ಒಂದು ಥರ್ಮಾಮೀಟರ್ ತಂದು ತೊಟ್ಟಿಗೆ ಕಟ್ಟಿದೆ. ಅದೂ ಸರಿಯಾಗೇ ಹೇಳ್ತಿತ್ತು. ಚೌಡಮ್ಮ ಅದನ್ನ ಚೆನ್ನಾಗಿ ನೋಡಿ, "ವೊಳ್ಳೇದೇ. ತಿನ್ನಾಕಾಗಲ್ಲ, ಅಷ್ಟೇ" ಅಂದ್ರು.

ಮರ ಕೊಯ್ತಿದ್ದೋನು ಸೆಲ್ವರಾಜ. ಮುಂಚೆ ಕೆಜಿಎಫ್ ಚಿನ್ನದ ಗಣೀಲಿ, ಮೈಸೂರು ಮೈನ್ಸ್‌ನ ಮರದ ಯಾರ್ಡಲ್ಲಿದ್ದ, ಮನೆ ಮಾತು ತಮಿಳು. ಅವನ ಎಡಗೈ ಒಂದು ಬೆರಳು ಮೊಂಡು. ಹೊಸಾ ಗಿರಾಕಿ ಬಂದು ಆ ಬೆರಳು ನೋಡಿದ್ರೆ ಸಾಕು, ಚೌಡಮ್ಮ ಕೇಳದಿದ್ರೂ ಹೇಳೋರು: "ಅದು ಗಣೀದು. ನಮ್ ಗರಗಸದ್ದಲ್ಲ."

ಗರಗಸಕ್ಕೆ ಇದ್ದ ದೊಡ್ಡ ಶತ್ರು ಕಬ್ಬಿಣ. ಮರದೊಳಗೆ ಒಂದು ಮೊಳೆ ಇದ್ರೂ ಹಲ್ಲು ಹಾರಿಹೋಗುತ್ತೆ, ನಿಂತಿರೋರ ಕಣ್ಣಿಗೂ ಬರುತ್ತೆ. ನಮ್ಮ ಕಡೆ ಹಳ್ಳೀಲಿ ಯಾರಿಗಾದ್ರೂ ದೆವ್ವ ಹಿಡಿದ್ರೆ ಮಂತ್ರವಾದಿ ಬಂದು, ಅವರ ತಲೆಕೂದಲು ಒಂದೆಳೆ ತಗೊಂಡು, ದೆವ್ವಾನ ಹುಣಸೆಮರಕ್ಕೆ ಮೊಳೆ ಹೊಡೆದು ಕಟ್ಟಿಬಿಡ್ತಾನೆ. ಮರ ಬೆಳೀತಾ ಮೊಳೇನ ನುಂಗುತ್ತೆ. ಅದಕ್ಕೇ ಚೌಡಮ್ಮ ಮರ ಕೊಳ್ಳೋಕೆ ಯಾವ ಊರಿಗೆ ಹೋದ್ರೂ ಮೊದಲು ರೇಟು ಕೇಳ್ತಿರ್ಲಿಲ್ಲ. ಕಟ್ಟೆ ಮೇಲೆ ಕೂತು, ಎಲೆ ಅಡಿಕೆ ಹಾಕ್ಕೊಂಡು, "ಈ ಮರದಾಗೆ ಯಾರ್ಯಾರ್ನ ಕಟ್ಟವ್ರೆ?" ಅನ್ನೋರು.

ಜನ ಇವರಿಗೆ ದೆವ್ವ ಅಂದ್ರೆ ಬಹಳ ಭಯ ಅಂತ ಅಂದ್ಕೊಂಡಿದ್ರು. ಕ್ಯಾಸಂಬಳ್ಳಿ ಕಡೆಯ ಒಬ್ಬ ಮಾತ್ರ, "ನಮ್ಮೂರಾಗೆ ದೆವ್ವಾನೇ ಇಲ್ಲ ಬಿಡಮ್ಮ" ಅಂತ ಎದೆ ತಟ್ಟಿ ಮರ ಮಾರಿದ. ಅದನ್ನ ಕೊಯ್ಯೋವಾಗ ಸೆಲ್ವರಾಜ, "ಅಮ್ಮಾ, ಸತ್ತಂ ಮಾರುದು" ಅಂದ. ಸದ್ದು ಬದಲಾಗ್ತಿದೆ ಅಂತ. ಅಷ್ಟರಲ್ಲಿ ಕಿಡಿ ಹಾರ್ತು, ಬೆಲ್ಟು ಕಿತ್ಕೊಂಡು ನಮ್ಮ ಸೈಕಲ್ ಶಾಪಿನ ಬೋರ್ಡಿಗೆ ನೇತಾಕ್ಕೊಂತು, ಗರಗಸದ ಒಂದು ಹಲ್ಲು ತಗಡು ತೂತು ಮಾಡ್ಕೊಂಡು ಆಚೆ ಹೋಯ್ತು. ಚೌಡಮ್ಮ ಮೊಳೇನ ಮೀಟಿ ತೆಗೆಸಿ, ಸೆರಗಲ್ಲಿ ಒರೆಸಿ, ಬಸ್ ಹತ್ತಿ ಆ ಮನುಷ್ಯನ ಮನೆಗೇ ಹೋದ್ರು. "ನಿಮ್ಮೋರ್ನ ನಮ್ ಮಂಡೀಲೇ ಬಿಟ್ಬಂದಿದ್ರಿ" ಅಂತ ಮೊಳೇನ ಜಗಲಿ ಮೇಲಿಟ್ಟು ಬಂದ್ರು. ಆ ಮನೆಯೋರು ಆಮೇಲೆ ತುಂಬಾ ದಿನ ಜಗಲಿ ಮೇಲೆ ಕೂರ್ಲಿಲ್ವಂತೆ.

ಬೂದಿಕೋಟೆ ಹತ್ರದ ಯಂಕಟಪ್ಪ ಹಾಗೆ ಸುಳ್ಳು ಹೇಳೋನಲ್ಲ. ಗಾಳಿಗೆ ಬಿದ್ದ ಅವನ ಹುಣಸೆಮರ ನೋಡೋಕೆ ಹೋದಾಗ ತಾನೇ ಮೊಳೆ ತೋರಿಸ್ದ. ಎದೆ ಎತ್ತರದಲ್ಲಿ ಒಂದೇ ಒಂದು, ದಪ್ಪ ತಲೇದು. "ನಮ್ ಮನೆಯೋಳ್ನೇ ಕಟ್ಟಿರೋದು. ಈಗ ಚೆಂದಾಗವ್ಳೆ" ಅಂದ. ಚೌಡಮ್ಮ ಗುರುತಿಗೆ ಮೊಳೆ ಸುತ್ತ ಸುಣ್ಣ ಹಚ್ಚಿ ಮರ ಕೊಂಡ್ರು.

ಯಂಕಟಪ್ಪನೇ ದಿಮ್ಮಿಗಳನ್ನ ಗಾಡೀಲಿ ತಂದ. ಗಾಡಿ ಹಿಂದೆ ಅಷ್ಟೂ ದೂರ ನಡ್ಕೊಂಡು ಯಂಕಟಪ್ಪನ ಹೆಂಡ್ತಿ ಪಾಪಕ್ಕ ಬಂದ್ಲು, ಸೊಂಟದಲ್ಲಿ ಒಂದು ಕೂಸು. ಗೇಟಲ್ಲೇ ಕೂತ್ಬಿಟ್ಲು. ಸೆಲ್ವರಾಜ ಬೇರೆ ಮರ ಕೊಯ್ತಿದ್ದ, ಗರಗಸ ಜೋರಾಗಿ ತಿರುಗ್ತಿತ್ತು.

"ಯಾಕಮ್ಮ ಅಲ್ಲೇ ಕುಂತೆ? ಒಳೀಕ್ ಬಾ" ಅಂದ್ರು ಚೌಡಮ್ಮ, ಬೆನ್ನಿನ ಕಡೆಯಿಂದಾನೇ.

"ಅದ್ನ ಕೊಯ್ತೀರಾ?"

"ಕೊಯ್ಯಾಕೇ ತಂದಿರೋದು."

"ಮೊಳೆ ಕಿತ್ರೆ ಅದು ವಾಪಸ್ ನನ್ ಮೇಲೇ ಬತ್ತದೆ ಕಣಮ್ಮ. ಆವಾಗ ಬಂದಾಗ ನನ್ ದೊಡ್ಡ ಮಗೂನ ನನ್ ಕೈಗೆ ಕೊಡ್ತಿರ್ಲಿಲ್ಲ, ಬಾವಿಗಾಕ್ಬುಡ್ತಾಳೆ ಅಂತ. ಅವ್ನು ಈಗ್ಲೂ ನನ್ನ ಅಮ್ಮಾ ಅನ್ನಲ್ಲ, ಅಜ್ಜೀನ ಅಂತಾನೆ. ಇದೊಂದೈತೆ. ಇದ್ನೂ ಕಿತ್ಕೊಂತಾರೆ."

ಚೌಡಮ್ಮ ತಿರುಗಿದ್ರು. ಗರಗಸ ತಿರುಗ್ತಾ ಇರೋವಾಗ್ಲೇ ಅದಕ್ಕೆ ಬೆನ್ನು ಹಾಕಿ ಪಾಪಕ್ಕನ ಮುಖ ನೋಡ್ತಾ ನಿಂತ್ರು. ಸೆಲ್ವರಾಜ ಗಾಬರಿಯಾಗಿ ದಿಮ್ಮಿ ಹಿಂದಕ್ಕೆಳೆದು, "ಅಮ್ಮಾವುಕ್ಕು ಎನ್ನಾಚ್ಚು?" ಅಂತ ನನ್ನ ಕೇಳ್ದ, ಅಮ್ಮಂಗೆ ಏನಾಯ್ತು ಅಂತ. ನಾನು ಓಡಿಹೋಗಿ ಎಂಜಿನ್ ನಿಲ್ಲಿಸ್ದೆ.

ಯಂಕಟಪ್ಪ ನಾಚಿಕೊಂಡು, "ಏಳೇ, ಮಾನ ಕಳೀಬ್ಯಾಡ" ಅಂದ.

"ನೀನ್ ಸುಮ್ಕಿರಪ್ಪ. ಕಟ್ಟಿದ್ದು ಅವಳ್ನ, ನಿನ್ನಲ್ಲ" ಅಂದ್ರು ಚೌಡಮ್ಮ.

ನಂಗೆ ತಡೀಲಿಲ್ಲ. "ಎರಡೂ ಕಡೆ ಕೈಗರಗಸದಲ್ಲಿ ಕೊಯ್ದು, ನಡುವಿನ ತುಂಡಲ್ಲಿ ಮೊಳೆ ಮೀಟಿಬಿಡ್ತೀನಿ, ಐದೇ ನಿಮಿಷ. ದೆವ್ವಗಿವ್ವ ಎಲ್ಲಾ ಸುಳ್ಳು" ಅಂದೆ.

"ದೆವ್ವ ಐತೋ ಇಲ್ವೋ ನಂಗೊತ್ತಿಲ್ಲ. ಮೊಳೆ ಐತೆ. ಅದು ಅವಳ್ಗೂ ಗೊತ್ತು, ನಂಗೂ ಗೊತ್ತು. ಎರಡೂ ಕಡೆ ಕೊಯ್ಯಿ. ಮೊಳೆ ತಂಟೆಗೋಗ್ಬೇಡ."

ಶೆಡ್ಡಿನ ಒಂದು ಮೂಲೆ ಕಂಬಾನ ಗೆದ್ದಲು ತಿಂದುಹಾಕಿತ್ತು. ಮೊಳೆ ಇರೋ ಒಂದೂವರೆ ಆಳುದ್ದದ ದಿಮ್ಮೀನ ಅಲ್ಲಿ ಕಂಬ ಮಾಡಿ ನಿಲ್ಲಿಸೋದು ಅಂತ ಆಯ್ತು. ಗುಂಡಿ ತೋಡಿದ್ವಿ. ಪಾಪಕ್ಕ ಎದ್ದು ಬಂದು ಮೇಸ್ತ್ರಿ ಥರ ನಿಂತ್ಲು. ಬುಡದ ಕಡೆ ಕೆಳಗಿರ್ಬೇಕು. ಮೊಳೆ ಮೂಡ್ಲಿಗೆ ಮುಖ ಮಾಡಿರ್ಬೇಕು. ಇನ್ನೊಂಚೂರು. ಅಷ್ಟಲ್ಲ, ವಾಪಸ್ಸು. ಸೆಲ್ವರಾಜ ಆ ದಿಮ್ಮೀನ ತಬ್ಕೊಂಡು ತಿರುಗಿಸಿ ತಿರುಗಿಸಿ, ಗಣೀಲಿ ಕೂಡ ಇಷ್ಟು ಕಷ್ಟ ಇರ್ಲಿಲ್ಲ ಅಂತ ತಮಿಳಲ್ಲಿ ಗೊಣಗಿದ. ಮಣ್ಣು ತುಂಬಿ ತುಳಿದಾದ ಮೇಲೆ ಚೌಡಮ್ಮ ಅವಳ ಕೈ ಹಿಡಿದು ಮೊಳೆ ಮೇಲಿಟ್ರು. "ಅಲ್ಲಾಡ್ಸು."

ಅಲ್ಲಾಡಿಸಿದ್ಲು. ಅಲ್ಲಾಡ್ಲಿಲ್ಲ.

"ತುಕ್ಕಿಡಿದು ಉದುರೋದ್ರೆ?" ಅಂದ್ಲು ಪಾಪಕ್ಕ.

ನ್ಯಾಯವಾದ ಪ್ರಶ್ನೆ. ಚೌಡಮ್ಮ ಗ್ರೀಸ್ ಡಬ್ಬ ತಂದು ಮೊಳೆ ತಲೆಗೆ ಒಂದು ಬೆರಳು ಮೆತ್ತಿದ್ರು. ದಿನಾ ಬೆಳಿಗ್ಗೆ ಎಂಜಿನ್ ತಿರುಗಿಸೋಕೆ ಮುಂಚೆ ಡಬ್ಬ ಹಿಡ್ಕೊಂಡು ಒಂದು ಸುತ್ತು ಬರೋದು ಅವರ ಪದ್ಧತಿ: ಎಂಜಿನ್ನಿನ ಬೇರಿಂಗು, ಶಾಫ್ಟಿನ ಬೇರಿಂಗು, ಗರಗಸದ್ದು. ಆವತ್ತಿಂದ ಆ ಸುತ್ತಿಗೆ ಮೊಳೇನೂ ಸೇರ್ತು. ಒಂದಿನ ನಾನು ಮೊಳೆ ಬಿಟ್ಟು ಎಂಜಿನ್ ತಿರುಗಿಸೋಕೆ ಹೋದ್ರೆ, "ಆ ಬೇರಿಂಗು ಯಾರ್ ನಿಮ್ಮಪ್ಪ ನೋಡ್ತಾನಾ?" ಅಂದ್ರು.

ಪಾಪಕ್ಕ ಸಂತೆ ದಿನ ಬರೋಳು. ಮೊಳೆ ಮುಟ್ಟಿ, ಬೆರಳಿಗೆ ಗ್ರೀಸ್ ಅಂಟ್ತಾ ಅಂತ ನೋಡಿ, ಕಂಬದ ಬುಡದಲ್ಲಿ ಕೂತು ಕೂಸಿಗೆ ಹಾಲು ಕುಡಿಸಿ ಹೋಗೋಳು. ಕೂಸು ನಡೆಯೋಕೆ ಶುರು ಮಾಡ್ತು, ಆಮೇಲೆ ಸೌದೆ ರಾಶಿ ಹತ್ತೋಕೆ ಶುರು ಮಾಡ್ತು. ಒಂದ್ಸಲ ದೊಡ್ಡ ಹುಡುಗಾನೂ ಜೊತೇಲಿ ಬಂದ. ಮಾತಾಡ್ಲಿಲ್ಲ. ಹೋಗೋವಾಗ ಮಾತ್ರ, "ಅಮ್ಮಾ, ಬಸ್ಸು" ಅಂದ. ಪಾಪಕ್ಕ ಆ ಬಸ್ಸು ಹೋಗೋದನ್ನ ನೋಡ್ತಾ ನಿಂತಿದ್ಲೇ ಹೊರ್ತು ಹತ್ತಲಿಲ್ಲ.

ಚೌಡಮ್ಮಂಗೆ ಮರದ ಹೊಟ್ಟಿನ ಧೂಳು ಎದೆಗೆ ಹಿಡೀತು. ಕೆಜಿಎಫ್‌ನಲ್ಲಿ ತಂಗಿ ಮನೆಗೆ ಹೋಗಿ ಮಲಗಿದ್ರು. ನೋಡೋಕೆ ಹೋದಾಗ ಮೊದಲ್ನೇ ಸಲ ಅವರು ನನ್ನ ಎದುರಿಗೆ, ನನ್ನ ಮುಖ ನೋಡ್ಕೊಂಡು ತುಂಬಾ ಹೊತ್ತು ಮಾತಾಡಿದ್ರು. "ನೀನು ಇಷ್ಟು ಸಣ್ಣೋನಾ?" ಅಂದ್ರು. ಬೆಲ್ಟು ಹೇಗಿದೆ ಅಂತ ಕೇಳಿದ್ರು, ಗರಗಸದ ಹಲ್ಲಿಗೆ ಅರ ಹಾಕಿದ್ಯಾ ಅಂತ ಕೇಳಿದ್ರು. ಉಸಿರು ಸಾಲದೆ ನಿಲ್ಲಿಸಿ, ತೋರ್ಬೆರಳು ಎತ್ತಿ, ಗಾಳೀಲಿ ಏನೋ ಮೆತ್ತೋ ಹಾಗೆ ಮಾಡಿದ್ರು. "ದಿನಾ ಹಚ್ತಿದೀನಿ" ಅಂದೆ. ಕಣ್ಣು ಮುಚ್ಕೊಂಡ್ರು. ಆ ವಾರವೇ ಹೋಗ್ಬಿಟ್ರು.

ಮುಂದಿನ ಸಂತೆಗೆ ಪಾಪಕ್ಕ ಬಂದ್ಲು. ಎಂಜಿನ್ ನಿಂತಿತ್ತು. ನಾನೂ ಸೆಲ್ವರಾಜನೂ ಏನು ಮಾಡೋದು ಅಂತ ಗೊತ್ತಾಗದೆ ಸುಮ್ನೆ ಕೂತಿದ್ವಿ. ಅವರು ಹೋದಾಗ್ಲಿಂದ ಬೆಳಗಿನ ಸುತ್ತು ಕೂಡ ಆಗಿರ್ಲಿಲ್ಲ.

"ಅಮ್ಮ ಎಲ್ಲವ್ರೆ?"

ಹೇಳಿದೆ.

ಅವಳು ಅಳ್ತಾಳೆ ಅಂತ ಅಂದ್ಕೊಂಡೆ. ಸೀದಾ ಕಂಬದ ಹತ್ರ ಹೋಗಿ ಮೊಳೆ ಮುಟ್ಟಿದ್ಲು. ಒಣಗಿತ್ತು. ಬೆರಳು ನೋಡ್ಕೊಂಡ್ಲು, ನನ್ನ ನೋಡಿದ್ಲು. ಮೂಲೇಲಿದ್ದ ಗ್ರೀಸ್ ಡಬ್ಬ ತಾನೇ ಎತ್ಕೊಂಡು, ಮುಚ್ಚಳ ತೆಗೆದು, ಮೊಳೆ ತಲೆಗೆ ಒಂದು ಬೆರಳು ಮೆತ್ತಿದ್ಲು. ಆಮೇಲೆ ಡಬ್ಬ ಕೆಳಗಿಡ್ಲಿಲ್ಲ.

"ಆಯಮ್ಮ ಇನ್ನ ಯಾವ್ಯಾವ್ದಕ್ಕೆ ಅಚ್ತಿದ್ರು?" ಅಂದ್ಲು.

ಎದ್ದು ತೋರಿಸ್ದೆ.