ಕೊಕ್ಕೆ ಅಕ್ಕನ ನಾನೂರ ಹನ್ನೆರಡು ಸಾಲು

ಬೆಳಗ್ಗೆ ಆರು ಗಂಟೆ. ಆಸ್ಪತ್ರೆಯ ಯಂತ್ರ ತಯಾರಿಸುವ ಕಂಪನಿಯೊಂದರ ಮೂರನೆಯ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಎಡಗಡೆ ದಪ್ಪ ಪುಸ್ತಕ, ಬಲಗಡೆ ಕಾಗದದ ಕಟ್ಟು ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಾರೆ. ಪುಸ್ತಕವೆಂದರೆ ಆಸ್ಪತ್ರೆಯ ಯಂತ್ರಗಳು ಹೇಗಿರಬೇಕೆಂದು ವಿಧಿಸುವ ಮಾನಕ. ಕಟ್ಟಿನಲ್ಲಿರುವುದು ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪಂಪಿನ ಸಾಫ್ಟ್‌ವೇರ್ ಏನೇನು ಮಾಡಬೇಕೆಂಬ ವಿವರಪಟ್ಟಿ, ಅಂದರೆ ಸ್ಪೆಕ್. ಎರಡೂ ಹೊಂದುತ್ತವೆಯೇ ಎಂದು ಸಾಲುಸಾಲಾಗಿ ನೋಡುವುದು ಇವರ ಕೆಲಸ. ಆಫೀಸಿನಲ್ಲಿ ಇವರಿಗಿರುವ ಅಡ್ಡಹೆಸರು ‘ಕೊಕ್ಕೆ ಅಕ್ಕ’.

“ಹಾಕ್ತೀನಿ ಕಣ್ರೀ ಕೊಕ್ಕೆ. ಅದಕ್ಕೇ ತಾನೇ ನನ್ನ ಇಟ್ಕೊಂಡಿರೋದು!” ಎನ್ನುತ್ತಾರೆ.

ಹನ್ನೊಂದು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಸೊಂಟ ಕೈಕೊಟ್ಟ ಮೇಲೆ ಈ ಕುರ್ಚಿಗೆ ಬಂದರು. ಪಟ್ಟಿಯಲ್ಲಿ ನಾನೂರ ಹನ್ನೆರಡು ಸಾಲು. ದಿನಕ್ಕೆ ನಲವತ್ತು, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಇವತ್ತು ಉಳಿದಿರುವುದು ಕೊನೆಯ ಹನ್ನೆರಡು. ಪ್ರತಿ ಸಾಲಿನ ಮುಂದೆ ‘ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ’ ಎಂದು ಬರೆಯಬೇಕು. ಹೋದ ವರ್ಷದ ಉತ್ತರಗಳಿರುವ ಅಂಕಣವನ್ನು ರಟ್ಟಿನ ತುಂಡಿನಿಂದ ಮುಚ್ಚಿಕೊಂಡೇ ಓದುತ್ತಾರೆ. “ಹಳೇ ಉತ್ತರ ಕಾಣಿಸ್ತೋ, ಕಣ್ಣು ಸೋಮಾರಿ ಆಗ್ಬಿಡುತ್ತೆ.” ಮಗಳಿಗೆ ಇದೆಲ್ಲ ತಮಾಷೆ: “ಅಮ್ಮ ಬಿಸ್ಕತ್ ಪ್ಯಾಕೆಟ್ ಹಿಂದೆ ಬರ್ದಿರೋದನ್ನೂ ಪೂರ್ತಿ ಓದಿದ್ಮೇಲೇ ನಮ್ಗೆ ಕೊಡೋದು!”

ಆ ರಟ್ಟಿನ ತುಂಡೇ ಈ ಸಲ ರಂಪ ಎಬ್ಬಿಸಿದೆ. ಮಾನಕದ ಹೊಸ ಆವೃತ್ತಿಯಲ್ಲಿ ಒಂದು ಕಲಮಿನ ಸಂಖ್ಯೆ ಹಳೆಯದೇ, ಒಳಗಿನ ಮಾತು ಮಾತ್ರ ಬೇರೆ. ಹೊಸ ನಿಯಮದಂತೆ, ಪಂಪಿನ ಅಲಾರಂ ಅನ್ನು ಯಾರಾದರೂ ಸುಮ್ಮನಾಗಿಸಿದರೆ, ಎರಡು ನಿಮಿಷದಲ್ಲಿ ಅದು ತಾನಾಗಿಯೇ ಮತ್ತೆ ಕೂಗಬೇಕು. ಸ್ಪೆಕ್ಕಿನಲ್ಲಿ ಮಾತ್ರ, ಯಾರಾದರೂ ಮತ್ತೆ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ ಎಂದೇ ಇದೆ. ಪಂಪಿನ ಸಾಫ್ಟ್‌ವೇರ್ ಬರೆದ ತಂಡದವರು ಪಟ್ಟಿ ಕಳಿಸುವಾಗಲೇ, ಸಂಖ್ಯೆಯಷ್ಟೇ ನೋಡಿ ಹೋದ ವರ್ಷದ ‘ಹೊಂದುತ್ತದೆ’ಯನ್ನು ಹಾಗೇ ಇಳಿಸಿಕೊಂಡಿದ್ದರು. ಅಕ್ಕ ಅದನ್ನು ಹೊಡೆದುಹಾಕಿ, ಮೊದಲು ಪಂಪನ್ನು ಸರಿ ಮಾಡಲಿ ಎಂದು ಜಾಗ ಖಾಲಿ ಬಿಟ್ಟರು, ಸಹಿ ಹಾಕಲಿಲ್ಲ. ಸಹಿಯಿಲ್ಲದೆ ಯಂತ್ರ ಹೊರಗೆ ಹೋಗುವಂತಿಲ್ಲ. ಹತ್ತು ದಿನದಿಂದ ಎಲ್ಲರೂ ಇವರ ಮೇಲೆ ಹರಿಹಾಯುತ್ತಿದ್ದಾರೆ, ಕೆಲಸವೇ ಹೋಗಬಹುದು. ತಪ್ಪು ಮಾಡಿದವರು ಆರಾಮಾಗಿದ್ದಾರೆ, ಹಿಡಿದವರಿಗೆ ಬೈಗುಳ! ಇವರ ಕೆಲಸದ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತಿರುವ ನನಗಂತೂ ಮೈ ಉರಿಯುತ್ತದೆ.

“ಹೆದ್ರಿಕೆ ಆಗಲ್ವಾ?” ಎಂದು ಕೇಳುತ್ತೇನೆ.

“ಆಗದೆ ಏನು! ಆದ್ರೆ ವಾರ್ಡಲ್ಲಿ ನಾನೇ ಎಷ್ಟು ಸಲ ಅಲಾರಂ ಸುಮ್ನಾಗ್ಸಿ, ಪಕ್ಕದ ಬೆಡ್‌ಗೆ ಓಡಿ, ಇದನ್ನ ಮರ್ತಿದೀನಿ ಗೊತ್ತಾ? ನರ್ಸ್ ಮರೀತಾಳೆ ಕಣ್ರೀ. ಮಷಿನ್ ಮರೀಬಾರ್ದು.”

ಒಂಬತ್ತೂವರೆಗೆ ಮ್ಯಾನೇಜರ್ ಮೇಜಿನ ಬಳಿಗೇ ಬರುತ್ತಾರೆ. “ಅಕ್ಕಾ, ಒಂದು ಸಾಲು ತಾನೇ? ಮುಂದಿನ ವರ್ಷ ಸರಿ ಮಾಡೋಣ. ಇವತ್ತು ಸಹಿ ಹಾಕ್ಲೇಬೇಕು. ಇಲ್ಲಾಂದ್ರೆ ಬೇರೆಯವರ ಹತ್ರ ಹಾಕಿಸ್ತೀನಿ.”

ಖಾಲಿ ಬಿಟ್ಟ ಜಾಗವನ್ನು ಯಾರು ಬೇಕಾದರೂ ತುಂಬಬಹುದು, ನಿಜ. ಆದರೆ ಸಹಿ ಬಿದ್ದ ಹಾಳೆಯನ್ನು ಬದಲಿಸುವಂತಿಲ್ಲ. ಅದು ಹಾಗೆಯೇ ಹೊರಗಿನ ತಪಾಸಣಾಧಿಕಾರಿಗೆ ಹೋಗಬೇಕು, ಒಂದು ಸಾಲು ಹೊಂದದಿದ್ದರೂ ಅವರು ಯಂತ್ರವನ್ನು ತಡೆಯುತ್ತಾರೆ.

ಅಕ್ಕ ಪೆನ್ನು ತೆಗೆಯುತ್ತಾರೆ. ಆ ಸಾಲಿನ ಮುಂದೆ ದಪ್ಪ ಅಕ್ಷರದಲ್ಲಿ ‘ಹೊಂದುವುದಿಲ್ಲ’ ಎಂದು ಬರೆದು, ಕೆಳಗೆ ಸಹಿ, ತಾರೀಖು ಹಾಕಿ, ಹಾಳೆಯನ್ನು ಮ್ಯಾನೇಜರ್ ಕಡೆಗೆ ತಳ್ಳುತ್ತಾರೆ.

“ತಗೊಳ್ಳಿ ಸರ್. ಸಹಿ ತಾನೇ ಕೇಳಿದ್ದು?”