ಚಾಚಾರ ದನಿಯಲ್ಲಿ ನಾನಾಡಿದ ಮಾತು

ಶಿವಲೀಲಾ ಅಕ್ಕಾರ, ಅಂದು ಫೋನಿನಲ್ಲಿ ನಿಮ್ಮೊಡನೆ ಮಾತಾಡಿದ್ದು ರಸೂಲ್ ಚಾಚಾ ಅಲ್ಲ — ನಾನು. ಮಚ್ಛೆ ಊರಿನ ಅವರ ಟೈರ್ ಅಂಗಡಿಯಲ್ಲಿ ದುಡಿಯುವ, ಎಲ್ಲರ ದನಿ ಅಣಕಿಸಿ ನಗಿಸುವ ಮಂಗ.

ನೀವು ಎರಡೇ ಹೊಸ ಟೈರು ಕೊಂಡಿದ್ದಿರಿ. ಹೊಸವು ಹಿಂದಿನ ಗಾಲಿಗೇ ಹೋಗಬೇಕು. ಹಿಂದೆ ಸವೆದವಿದ್ದರೆ ಒದ್ದೆ ತಿರುವಿನಲ್ಲಿ ಕಾರಿನ ಬೆನ್ನು ಜಾರುತ್ತದೆ ಎಂದು ಚಾಚಾ ಹೇಳುತ್ತಲೇ ಇರುತ್ತಾರೆ. ಆ ಮಾತನ್ನೂ ಅಣಕಿಸಿ ಅಂಗಡಿಯ ಹುಡುಗರನ್ನು ನಗಿಸಿದವನು ನಾನು. ಆದರೂ ಹೊಸವನ್ನು ಮುಂದೆಯೇ ಹಾಕಿದೆ. ಹಿಂದಿನವನ್ನು ಬಿಚ್ಚಿ ಮುಂದೆ ತರಲು — ಬೇಸರ. ಅಷ್ಟೇ.

ಮರುದಿನ ಮಳೆ. ನೀವು ಕಲಿಸುವ ಖಾನಾಪುರದ ಸಾಲಿಯಿಂದ ಅಂಗಡಿಗೆ ಫೋನ್ ಮಾಡಿದಿರಿ. ಸ್ಟೀರಿಂಗ್ ಚುರುಕಾಗಿದೆ, ಆದರೆ ತಿರುವಿನಲ್ಲಿ ಹಿಂಬದಿ ಬೇರೆಲ್ಲೋ ಹೊರಟಂತೆ ಅನ್ನಿಸುತ್ತದೆ ಎಂದಿರಿ. ಚಾಚಾ ನಮಾಜಿಗೆ ಹೋಗಿದ್ದರು. ಹುಡುಗರು ನನ್ನ ಬಾಯನ್ನೇ ನೋಡುತ್ತಿದ್ದರು. ಗಂಟಲು ಒರಟು ಮಾಡಿ, ಅವರದೇ ಕೆಮ್ಮು ಕೆಮ್ಮಿ —

"ಹೊಸಾ ಟೈರಂದ್ರ ಹೊಸಾ ಚಪ್ಪಲಿ ಇದ್ದಂಗ ಬೇಟಿ. ಅಂಜಬ್ಯಾಡ, ಓಡಸು."

ನೀವು ನಂಬಿದ್ದು ಆ ಕೆಮ್ಮನ್ನು.

ಸಂಜೆ ನಂದಗಡದ ಕಡೆ ಹೋಗುವಾಗ ಕಾರು ಗಿರ್ರನೆ ತಿರುಗಿ ಗಟಾರದ ಅಂಚಿಗೆ ನಿಂತಿತು. ಹಿಂದಿನ ಸೀಟಿನಲ್ಲಿ ನಿಮ್ಮ ಮಗಳು. ಯಾರಿಗೂ ಗಾಯವಾಗಲಿಲ್ಲ — ಆದರೆ ಆಗಿದ್ದರೆ... ಈ ವಾಕ್ಯವನ್ನು ನನ್ನಿಂದ ಇನ್ನೂ ಮುಗಿಸಲಾಗಿಲ್ಲ.

ಕಾರು ಅಂಗಡಿಗೆ ಬಂದಾಗ, ಚಾಚಾ ನೋಡುವ ಮೊದಲೇ ಟೈರುಗಳನ್ನು ಹಿಂದೆಮುಂದೆ ಬದಲಿಸಿದೆ. ಅವರು ನೋಡಿದಾಗ ಎಲ್ಲವೂ ಸರಿ ಇತ್ತು.

"ಹಂಗಾರ ನನ್ನ ಕೈಯಾಗ ದೋಷ ಐತ್ರಿ," ಎಂದಿರಿ ನೀವು. ಫೋನಿನಲ್ಲಿ ಓಡಿಸು ಎಂದವರು ನೀವೇ ಅಲ್ಲವೇ ಎಂದು ಚಾಚಾರನ್ನು ಮೆಲ್ಲಗೆ ಕೇಳಿದಿರಿ. ಚಾಚಾ ಹಣೆ ಉಜ್ಜಿಕೊಳ್ಳುತ್ತ, "ಹೇಳಿರಬೇಕವಾ... ಈಗೀಗ ನೆನಪ ಉಳಿಯಂಗಿಲ್ಲ," ಎಂದರು. ನಾನು ಅಲ್ಲೇ ಗಾಳಿ ತುಂಬುತ್ತಿದ್ದೆ.

ಅಂದಿನಿಂದ ನೀವು ಸ್ಟೀರಿಂಗ್ ಮುಟ್ಟಿಲ್ಲ. ಮಹಾಂತೇಶ ನಗರದ ನಿಮ್ಮ ಮನೆ ಮುಂದೆ ಕಾರು ಧೂಳು ತಿನ್ನುತ್ತಿದೆ. ಇತ್ತ ಚಾಚಾ ಫೋನ್ ಇಟ್ಟೊಡನೆ ನನ್ನತ್ತ ತಿರುಗುತ್ತಾರೆ — "ನಾ ಈಗ ಏನ್ ಹೇಳಿದ್ನಲೇ?" ಪ್ರತಿ ಸಲವೂ.

ನಾಳೆ ಚಾಚಾರ ಎದುರೇ ನಿಮಗೆ ಫೋನ್ ಮಾಡಿ ಇದಿಷ್ಟನ್ನೂ ಹೇಳುತ್ತೇನೆ. ನನ್ನ ಸ್ವಂತ ದನಿಯ ಗುರುತು ನಿಮಗಿಲ್ಲ. ನಡುಗುತ್ತಿದ್ದರೆ — ಅದೇ ನಾನು.