ಉಪ್ಪು ಬಿಡಿಸಿದ ಹರಕೆ

ಶೀನಣ್ಣನ ದೋಣಿಗೆ ನನ್ನ ಗಂಡ ಮಾಧವ ಸಮುದ್ರದ ಬಣ್ಣವನ್ನೇ ಬಳಿದು ಮುಗಿಸಿದರು. ಕಾಯಿಲೆ ಶುರುವಾದದ್ದು ಯಾವಾಗ ಎಂದು ಡಾಕ್ಟರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ಉಪ್ಪುಂದದ ದಡದಲ್ಲಿ ದೋಣಿಗಳಿಗೆ ಬಣ್ಣ ಬಳಿದು, ಪಕ್ಕದಲ್ಲಿ ಉದ್ದ ಗೀಟು ಎಳೆದು, ಹೆಸರು ಬರೆಯುವುದು ಅವರ ಕಸುಬು. ದೂರದಿಂದ ಕಾಣಲಿ ಎಂದು ದೋಣಿಗೆ ಕೆಂಪೋ ಹಳದಿಯೋ ಬಳಿಯುತ್ತಾರೆ. ಇವರು ನಾಲ್ಕು ದಿನ ನಿದ್ದೆ ಬಿಟ್ಟು ಅಲೆ, ನೊರೆ, ಮೋಡ ಎಲ್ಲ ಬಿಡಿಸಿದ್ದರು. ಚಂದ ಇತ್ತು, ಸುಳ್ಳು ಹೇಳುವುದಿಲ್ಲ.

"ಹ್ವಾಯ್, ನೀರಿಗ್ ಇಳ್ಸಿರೆ ನನ್ ದೋಣಿ ನಂಗೇ ಕಾಂತಿಲ್ಲ ಅಲ್ದಾ!" ಶೀನಣ್ಣ ಅಂಗಳಕ್ಕೇ ಬಂದು ಕೂಗಿದ.

ಇವರು ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಗೋಡೆಗೆ ಮುಖ ಮಾಡಿ ಮಲಗಿದವರು ಸ್ನಾನಕ್ಕೂ ಏಳಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಇವರಿಗೊಂದು ದಾರಿ ಎಂದು ನಾನು ಹದಿನಾಲ್ಕು ವರ್ಷ ಬೈದುಕೊಂಡು ಬಂದಿದ್ದೆ. ಅದಕ್ಕೊಂದು ಹೆಸರಿದೆ ಎಂದು ಕುಂದಾಪುರದ ಡಾಕ್ಟರು ಹೇಳಿದರು.

ಬೈಪೋಲಾರ್.

"ಲಿಥಿಯಂ ಕೊಡ್ತೇನೆ. ಬ್ಲಡ್ ಟೆಸ್ಟ್ ತಪ್ಪಿಸಬೇಡಿ. ನೀರು, ಉಪ್ಪು ಯಾವತ್ತಿನ ಹಾಗೇ ಇರಲಿ" ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ಡಾಕ್ಟರ ಮುಂದೆ ಯಾರು ತಲೆಯಾಡಿಸುವುದಿಲ್ಲ? ನನ್ನ ಗಮನವೆಲ್ಲ ಹೊರಡುವ ಬಸ್ಸಿನ ಮೇಲಿತ್ತು.

ಗುಳಿಗೆ ಕೆಲಸ ಮಾಡಿತು. ನಿದ್ದೆ ಬಂತು, ಮಾತು ಹದಕ್ಕೆ ಬಂತು. ಆದರೆ ಕೈ ನಡುಗತೊಡಗಿತು.

"ಗೀಟ್ ಎಳುಕ್ ಆತಿಲ್ಲ ಮಾರಾಯ್ತಿ. ನಾನ್ ಇನ್ ಗುಳ್ಗಿ ತಿಂತಿಲ್ಲೆ."

ದೋಣಿಯ ಗೀಟನ್ನು ಒಂದೇ ಉಸಿರಿಗೆ, ಬ್ರಶ್ ಎತ್ತದೆ ಎಳೆಯಬೇಕು. ಬೈಂದೂರಿನವರೆಗೂ ಇವರ ಕೈಗೆ ಹೆಸರಿತ್ತು. ಹಾಗಾಗಿ ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ತೆಂಗಿನ ಬುಡಕ್ಕೆ ಉಗುಳುವುದು ಶುರುವಾಯಿತು. ನಲವತ್ತೈದರ ಗಂಡಸಿನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವುದು ದಿನಾ ನನ್ನ ಕೆಲಸವಾಯಿತು. ಗುಳಿಗೆ ಬಿಟ್ಟರೆ ತಲೆ ಕೆಡುತ್ತದೆ, ತಿಂದರೆ ಕೈ ಕೆಡುತ್ತದೆ. ಇವರ ಜೊತೆ ಜಗಳವಾಡಿ ನನ್ನ ಗಂಟಲೂ ಕೆಟ್ಟಿತು.

ಕೊನೆಗೆ ದೇವರ ಮುಂದೆ ನಿಂತು ಹೇಳಿಕೊಂಡೆ. ಇವರ ಕೈನಡುಕ ನಿಲ್ಲಲಿ, ನಲವತ್ತೆಂಟು ದಿನ ಇವರ ಊಟಕ್ಕೆ ಉಪ್ಪು ಹಾಕುವುದಿಲ್ಲ. ಅತ್ತೆ ಹಿಂದೊಮ್ಮೆ ಕಣ್ಣುನೋವಿಗೆ ಹೀಗೇ ಉಪ್ಪು ಬಿಟ್ಟು ಗುಣವಾಗಿದ್ದರಂತೆ. ಹರಕೆಯ ಮಾತು ಕೇಳಿ ಅವರಿಗೆ ನನ್ನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಗಂಜಿಗೆ ಉಪ್ಪಿಲ್ಲ. ಉಪ್ಪಿನಕಾಯಿ ಇಲ್ಲ, ಒಣಮೀನೂ ಇಲ್ಲ. ಯಾರ ಮಾತನ್ನೂ ಕೇಳದ ಮನುಷ್ಯ ಇದಕ್ಕೆ ಒಪ್ಪಿದರು! ನಡುಕ ನಿಲ್ಲುವ ಆಸೆಗೆ ಗುಳಿಗೆಯನ್ನೂ ತಪ್ಪದೆ ನುಂಗಿದರು. ಮದುವೆಯಾದಂದಿನಿಂದ ನನ್ನ ಮಾತನ್ನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು.

ಹತ್ತನೇ ದಿನ ವಾಂತಿ, ಭೇದಿ. ಮರುದಿನ ತಟ್ಟೆ ಹಿಡಿಯಲಾಗದಷ್ಟು ಕೈ ಅದುರಿತು. ನಾಲಿಗೆ ತೊದಲಿತು, ಬಾಗಿಲಿಗೆ ಹೋಗುವಾಗ ಗೋಡೆಗೆ ಒರಗಿ ಕುಸಿದರು.

"ಹರ್ಕಿ ಫಲ ಕೊಡುಕ್ ಮುಂಚಿ ಹೀಂಗೇ ಆತ್ತ್. ಹೆದ್ರಬೇಡ" ಎಂದರು ಅತ್ತೆ.

"ನೀವ್ ಒಂಚೂರ್ ಸುಮ್ನಿರಿ!" ಎಂದು ಕಿರುಚಿದೆ. ಅತ್ತೆಗೆ ಎದುರು ಮಾತಾಡಿದ್ದೂ ಅದೇ ಮೊದಲು. ಅಂದು ಅಂಗಳದಲ್ಲಿ ಕೂಗಾಡಿ ಹೋಗಿದ್ದ ಶೀನಣ್ಣನೇ ವ್ಯಾನು ತಂದ.

ಐಸಿಯುವಿನ ಹೊರಗೆ ಡಾಕ್ಟರು ಕೇಳಿದರು, "ಊಟದಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಉಪ್ಪು ಬಿಡಿಸಿದ್ದೇನೆ. ಹರಕೆ."

ಅವರು ಬ್ಲಡ್ ರಿಪೋರ್ಟನ್ನು ನನ್ನ ಕಡೆ ತಿರುಗಿಸಿದರು. "ಉಪ್ಪು ಕಡಿಮೆಯಾದ್ರೆ ಕಿಡ್ನಿ ಲಿಥಿಯಂನ ಹೊರಗೆ ಬಿಡೋದಿಲ್ಲ ಅಮ್ಮ. ರಕ್ತದಲ್ಲಿ ಅದು ಏರಿ ಏರಿ ವಿಷ ಆಗಿದೆ. ಡಯಾಲಿಸಿಸ್ ಮಾಡಲೇಬೇಕು."

ವಿಷ ಹಾಕಿದವಳು ನಾನೇ.

ಎರಡು ಸಲ ಡಯಾಲಿಸಿಸ್ ಆಯಿತು. ಆ ದಿನಗಳಲ್ಲಿ ನಾನು ಬೈಯದವರಿಲ್ಲ. ಅತ್ತೆಯನ್ನು, ದೇವರನ್ನು, ಮಾತು ಕೇಳಿದ್ದಕ್ಕೆ ಇವರನ್ನು. ಎಲ್ಲರಿಗಿಂತ ಹೆಚ್ಚು ನನ್ನನ್ನು. ಹೇಳಿದ್ದನ್ನು ಕೇಳಿಸಿಕೊಳ್ಳದೆ ತಲೆಯಾಡಿಸಿದ ನನ್ನ ತಲೆಯನ್ನು. ಐದನೇ ದಿನ ಇವರು ಕಣ್ಣು ಬಿಟ್ಟು ಗಂಜಿ ಕುಡಿದರು. "ಉಪ್ಪ್ ಹಾಕಿದ್ಯಾ?" ಎಂದು ಕೇಳಿದಾಗ ಅಳು ಬಂತು.

ಡೋಸ್ ಇಳಿಸಿ ಗುಳಿಗೆ ಮತ್ತೆ ಶುರುವಾಗಿದೆ. ಸಣ್ಣ ನಡುಕ ಉಳಿಯಬಹುದು, ಆದರೂ ಗುಳಿಗೆ ಬಿಡುವಂತಿಲ್ಲ ಎಂದಿದ್ದಾರೆ ಡಾಕ್ಟರು. ಮನೆಗೆ ಬಂದ ಮೇಲೆ ಇವರು ದಡಕ್ಕೆ ಹೋಗಿ ಒಂದು ಗೀಟು ಎಳೆದು ನೋಡಿದರಂತೆ. ಬೇಗನೆ ವಾಪಸಾಗಿ ಜಗಲಿಯಲ್ಲಿ ಕುಳಿತರು. ಗುಳಿಗೆ ಬೇಡ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಸಿದ್ಧಳಾಗಿ ಸೆರಗು ಸಿಕ್ಕಿಸಿಕೊಂಡೇ ಹೊರಗೆ ಬಂದೆ.

"ಗೀಟ್, ಹೆಸ್ರ್ ಎಲ್ಲ ಬೇರೆಯವ್ರ್ ಬರೀಲಿ. ಬಣ್ಣ ಮಾತ್ರ ನಾನ್ ಬಳಿತೆ" ಎಂದು ಕೈ ಚಾಚಿದರು. "ಗುಳ್ಗಿ ಕೊಡ್."

ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಸಿಕ್ಕಿದ್ದು ಆ ಗೀಟಿನ ಬೆಲೆಗೆ. ಗುಳಿಗೆ ಕೊಟ್ಟೆ, ನೀರು ಕೊಟ್ಟೆ. ನುಂಗಿ ಬಾಯಿ ತೆರೆದು ತೋರಿಸಿದರು. ನಾನು ನೋಡಲಿಲ್ಲ.